ಹಾಟ್‌ಸ್ಪಾಟ್ ಸಾಕಾ, ಮನೆಗೊಂದು ಬ್ರಾಡ್‌ಬ್ಯಾಂಡ್ ಬೇಕಾ?

ಮೊಬೈಲ್‌ನಲ್ಲೇ ದಿನಕ್ಕೆ 2 ಜಿಬಿ ಸಿಗುತ್ತದೆ, ಹಾಟ್‌ಸ್ಪಾಟ್ ಆನ್ ಮಾಡಿದರೆ ಲ್ಯಾಪ್‌ಟಾಪೂ ನಡೆಯುತ್ತದೆ, ಇನ್ನು ಗೋಡೆ ಕೊರೆಸಿ ಕೇಬಲ್ ಎಳೆಸುವುದು ಯಾಕೆ? ನನಗೆ ಈ ಪ್ರಶ್ನೆ ಬಂದಷ್ಟು ಸಲ ಇನ್ಯಾವುದೂ ಬಂದಿಲ್ಲ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳಿ ಸಾಕಾಗಿದೆ, ಹಾಗಾಗಿ ಮೊದಲಿಂದ ಕೊನೆಯವರೆಗೆ ಒಂದೇ ಕಡೆ ಬರೆದಿದ್ದೇನೆ. ಬೆಂಗಳೂರಿನ ಬಾಡಿಗೆ ಮನೆ, ಸ್ವಂತ ಮನೆ, ಅಪಾರ್ಟ್‌ಮೆಂಟ್ ಇವನ್ನೇ ಮನಸ್ಸಲ್ಲಿಟ್ಟುಕೊಂಡು ಬರೆದದ್ದು.

ಹಳಬರಿಗೆ ಈ ಪ್ರಶ್ನೆ ಹೊಸದೇನಲ್ಲ. 1995ರ ಆಗಸ್ಟ್ 15ಕ್ಕೆ ಆಗಿನ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ನಮ್ಮ ದೇಶದ ಜನರಿಗೆ ಇಂಟರ್ನೆಟ್ ಕೊಡಲು ಶುರು ಮಾಡಿದಾಗ ಮನೆಗೆ ಬಂದದ್ದು ಡಯಲ್-ಅಪ್. ಅಂದರೆ ಲ್ಯಾಂಡ್‌ಲೈನ್ ತಂತಿಗೆ ಮೋಡೆಮ್ ಸಿಕ್ಕಿಸಿ, ಅದು ಕೀಂಯ್ ಕರ್ರ್ ಅಂತ ಕೂಗಿ, ಫೋನ್ ಮಾಡಿದ ಹಾಗೆ ನಂಬರ್ ತಿರುಗಿಸಿ ನೆಟ್ಟಿಗೆ ಸೇರುವುದು. ಅಷ್ಟು ಹೊತ್ತೂ ಮನೆ ಫೋನ್ ಎಂಗೇಜ್. 2005ರಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಬಂದಾಗ ಆಗಲೂ ಜನ ಕೇಳಿದ್ದು ಇದನ್ನೇ: ಇರುವುದರಲ್ಲೇ ಮೇಲ್ ನೋಡಬಹುದಲ್ಲ, ಬದಲಾಯಿಸಬೇಕಾ? ಆಗ 256 ಕೆಬಿಪಿಎಸ್, ಅಂದರೆ ಸೆಕೆಂಡಿಗೆ 256 ಕಿಲೋಬಿಟ್ ವೇಗ ಇದ್ದರೆ ಅದನ್ನು ಬ್ರಾಡ್‌ಬ್ಯಾಂಡ್ ಅನ್ನುತ್ತಿದ್ದರು. 2023ರಿಂದ ಸರ್ಕಾರದ ಲೆಕ್ಕದಲ್ಲಿ ಕನಿಷ್ಠ 2 ಎಂಬಿಪಿಎಸ್ ಇರಬೇಕು (ಒಂದು ಎಂಬಿಪಿಎಸ್ ಅಂದರೆ ಸಾವಿರ ಕೆಬಿಪಿಎಸ್).

ಇದನ್ನು ಯಾಕೆ ಹೇಳಿದೆ ಅಂದರೆ, ಡಯಲ್-ಅಪ್ ಪೂರ್ತಿ ಹೋಗಿಲ್ಲ. ಆ ಮೋಡೆಮ್‌ನ ಗರಿಷ್ಠ ವೇಗ 56 ಕೆಬಿಪಿಎಸ್. ನಿಮ್ಮ ಮೊಬೈಲ್‌ನ ದಿನದ ಕೋಟಾ ಮುಗಿದ ಮೇಲೆ ಬಹುತೇಕ ಪ್ಯಾಕ್‌ಗಳಲ್ಲಿ ಸಿಗುವ ವೇಗ 64 ಕೆಬಿಪಿಎಸ್. ಜಾಹೀರಾತಿನಲ್ಲಿ ಇದಕ್ಕೂ ಅನ್‌ಲಿಮಿಟೆಡ್ ಅಂತಲೇ ಹೆಸರು! 5 ಎಂಬಿಯ ಒಂದು ಪಿಡಿಎಫ್ ಇಳಿಯಲು ಹತ್ತು ನಿಮಿಷದ ಮೇಲಾಗುತ್ತದೆ. ಸಂಜೆ ಆರಕ್ಕೇ ಕೋಟಾ ಮುಗಿಸಿಕೊಳ್ಳುವ ಮನೆ ಉಳಿದ ಆರು ಗಂಟೆ ಡಯಲ್-ಅಪ್ ಕಾಲದಲ್ಲೇ ಇರುತ್ತದೆ ಅಂತಾಯಿತಲ್ವಾ?

ಮುಂದೆ ಹೋಗುವ ಮುಂಚೆ ಮೂರು ಪದ. ಎಂಬಿಪಿಎಸ್ ಅಂದರೆ ಸೆಕೆಂಡಿಗೆ ಎಷ್ಟು ಮೆಗಾಬಿಟ್ ಬರುತ್ತದೆ ಅನ್ನುವ ಅಳತೆ. ಎಂಟು ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ 100 ಎಂಬಿಪಿಎಸ್ ಲೈನಿನಲ್ಲಿ ಫೈಲ್ ಇಳಿಯುವುದು ಸೆಕೆಂಡಿಗೆ ಹೆಚ್ಚೆಂದರೆ ಹನ್ನೆರಡೂವರೆ ಎಂಬಿ. "ನೂರು ಅಂದಿದ್ದರು, ಹನ್ನೆರಡು ಬರ್ತಿದೆ, ಮೋಸ" ಅಂತ ಜಗಳ ತೆಗೆಯಬೇಡಿ, ಅದು ಸರಿಯಾಗೇ ಬರುತ್ತಿದೆ. ಎರಡನೆಯದು ಎಫ್‌ಯುಪಿ. ಅನ್‌ಲಿಮಿಟೆಡ್ ಅಂದರೂ ಒಂದು ಮಿತಿ ಇರುತ್ತದೆ, ಅದು ದಾಟಿದ ಮೇಲೆ ವೇಗ ಇಳಿಸುತ್ತಾರೆ. ಆ ಮಿತಿಗೆ ಈ ಹೆಸರು. ಮೂರನೆಯದು ಓಎನ್‌ಟಿ. ಗಾಜಿನ ಎಳೆಯಲ್ಲಿ ಬೆಳಕಾಗಿ ಬಂದ ನೆಟ್ಟನ್ನು ನಿಮ್ಮ ಮನೆಗೆ ಬೇಕಾದ ಹಾಗೆ ಬದಲಾಯಿಸುವ ಚಿಕ್ಕ ಡಬ್ಬ. ಈಗ ಬಹುಪಾಲು ಕಡೆ ಅದರೊಳಗೇ ವೈಫೈ ರೌಟರ್ ಕೂಡ ಸೇರಿರುತ್ತದೆ.

1. ಒಂದು ವಾರ ಲೆಕ್ಕ ಬರೆದಿಡಿ

ಊಹೆ ಬೇಡ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡೇಟಾ ಬಳಕೆ ಅಂತ ಇರುತ್ತದೆ, ಅಲ್ಲಿ ಯಾವ ಆ್ಯಪ್ ಎಷ್ಟು ತಿಂದಿದೆ, ಹಾಟ್‌ಸ್ಪಾಟ್ ಎಷ್ಟು ತಿಂದಿದೆ ಎಲ್ಲ ಕಾಣುತ್ತದೆ. ಮನೆಯ ಎಲ್ಲರ ಫೋನಿನಲ್ಲೂ ಏಳು ದಿನ ನೋಡಿ ಬರೆಯಿರಿ. ಟಿವಿಯಲ್ಲಿ ಎಚ್‌ಡಿ ಸಿನಿಮಾ ಗಂಟೆಗೆ 3 ಜಿಬಿ ತನಕ ತಿನ್ನುತ್ತದೆ, 4ಕೆ ಆದರೆ 7 ಜಿಬಿ ತನಕ. ಅಂದರೆ 2 ಜಿಬಿ ಕೋಟಾ ನಲವತ್ತು ನಿಮಿಷದಲ್ಲಿ ಖಾಲಿ. ಅರ್ಧ ಸಿನಿಮಾಗೂ ಬರುವುದಿಲ್ಲ. ಹತ್ತಾರು ಜನರ ವಿಡಿಯೊ ಮೀಟಿಂಗ್ ಗಂಟೆಗೆ ಒಂದು ಜಿಬಿ, ಕೆಲವೊಮ್ಮೆ ಎರಡು.

ಲೆಕ್ಕ ಬಂದ ಮೇಲೆ ನನ್ನ ಅಭಿಪ್ರಾಯ ಇಷ್ಟು. ನೀವು ಒಬ್ಬರೇ, ಪಿಜಿಯಲ್ಲೋ ಒಂದು ರೂಮಿನ ಮನೆಯಲ್ಲೋ ಇದ್ದೀರಿ, ನೋಡುವುದೆಲ್ಲ ಫೋನಿನಲ್ಲೇ, ವಾರಾಂತ್ಯಕ್ಕೆ ಊರಿಗೆ ಹೋಗುತ್ತೀರಿ: ಬೇಡ, ದುಡ್ಡು ಉಳಿಸಿ. ಮನೆಯಲ್ಲಿ ಮೂರು ಜನಕ್ಕಿಂತ ಜಾಸ್ತಿ ಇದ್ದೀರಿ, ಅಥವಾ ಇಬ್ಬರೇ ಆದರೂ ಒಬ್ಬರು ವಾರದಲ್ಲಿ ಎರಡು ದಿನ ಮನೆಯಿಂದ ಕೆಲಸ ಮಾಡುತ್ತೀರಿ: ಹಾಕಿಸಿಕೊಳ್ಳಿ. ಇದರ ಮಧ್ಯೆ ಇರುವವರು ಒಂದು ಪ್ರಶ್ನೆ ಕೇಳಿಕೊಂಡರೆ ಸಾಕು. ಹಾಟ್‌ಸ್ಪಾಟ್ ಕೊಡುವ ಫೋನ್ ಯಾರದು? ಅವರು ತರಕಾರಿ ತರಲು ಹೋದರೆ ನೆಟ್ಟೂ ತರಕಾರಿ ಅಂಗಡಿಗೆ ಹೋಗುತ್ತದೆ. ಮಗಳ ಆನ್‌ಲೈನ್ ಕ್ಲಾಸು ಅರ್ಧಕ್ಕೇ ನಿಲ್ಲುತ್ತದೆ. ಈ ಜಗಳ ನಿಮ್ಮ ಮನೆಯಲ್ಲಿ ವಾರಕ್ಕೆ ಎರಡು ಸಲ ಆಗುತ್ತಿದ್ದರೆ ಉತ್ತರ ಸಿಕ್ಕಿತು.

"5ಜಿ ಅನ್‌ಲಿಮಿಟೆಡ್ ಇದೆಯಲ್ಲ" ಅಂತ ತುಂಬಾ ಜನ ಹೇಳುತ್ತಾರೆ. ನಿಜ, ಕೆಲವು ಪ್ಯಾಕ್‌ಗಳಲ್ಲಿ ಇದೆ. ಆದರೆ ಅದು 5ಜಿ ಸಿಗ್ನಲ್ ಇರುವ ತನಕ ಮಾತ್ರ. ಗ್ರೌಂಡ್ ಫ್ಲೋರಿನ ಒಳಗಿನ ರೂಮಿಗೆ ಹೋದಿರಿ, ಫೋನ್ ತಾನಾಗೇ 4ಜಿಗೆ ಇಳಿಯಿತು, ಅಲ್ಲಿಂದ ಕೋಟಾ ಕರಗಲು ಶುರು. ಎರಡೂ ಕಡೆ ಗೋಡೆಗೆ ಗೋಡೆ ಅಂಟಿಕೊಂಡಿರುವ ನಮ್ಮ 20x30 ಅಡಿ ಸೈಟಿನ ಮನೆಗಳಲ್ಲಿ ಇದು ಮಾಮೂಲು.

2. ದುಡ್ಡಿನ ಲೆಕ್ಕ ವರ್ಷಕ್ಕೆ ಹಾಕಿ, ತಿಂಗಳಿಗಲ್ಲ

ಮೊಬೈಲ್ ಪ್ಯಾಕ್‌ನ ತಿಂಗಳು ಅಂದರೆ 28 ದಿನ. ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಸಲ ರೀಚಾರ್ಜ್. ಇದನ್ನು ಮರೆತೇ ಎಲ್ಲರೂ ಲೆಕ್ಕ ತಪ್ಪುವುದು. ಬ್ರಾಡ್‌ಬ್ಯಾಂಡ್ ಕಡೆ ಇನ್ನೊಂದು ಮರೆವು: ಜಾಹೀರಾತಿನ ರೇಟಿಗೆ 18 ಶೇಕಡಾ ಜಿಎಸ್‌ಟಿ ಸೇರುತ್ತದೆ. 499 ಅಂದರೆ ಕೈಯಿಂದ ಹೋಗುವುದು 589.

ಉದಾಹರಣೆಗೆ ಇಬ್ಬರ ಫೋನಿಗೂ 350 ರೂಪಾಯಿಯ ಪ್ಯಾಕ್ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 9,100. ಬ್ರಾಡ್‌ಬ್ಯಾಂಡ್ ತಿಂಗಳಿಗೆ 590 ಅಂದರೆ ವರ್ಷಕ್ಕೆ 7,080. ಇದು ಪೂರ್ತಿ ಹೊಸ ಖರ್ಚಲ್ಲ, ಯಾಕೆಂದರೆ ಮನೆಯಲ್ಲಿ ವೈಫೈ ಬಂದ ಮೇಲೆ ಇಬ್ಬರೂ 200 ರೂಪಾಯಿ ಆಸುಪಾಸಿನ ಪ್ಯಾಕ್‌ಗೆ ಇಳಿಯಬಹುದು. ಅಲ್ಲಿ 3,900 ಉಳಿಯಿತು. ಕೊನೆಗೆ ಹೆಚ್ಚಾಗುವುದು ವರ್ಷಕ್ಕೆ 3,180, ತಿಂಗಳಿಗೆ 265. ನಿಮ್ಮ ಅಂಕಿ ಹಾಕಿ ಇದೇ ರೀತಿ ಮಾಡಿ ನೋಡಿ. ಕೋಟಾ ಮುಗಿದಾಗ ಹಾಕಿಸಿಕೊಳ್ಳುವ 20, 30, 60 ರೂಪಾಯಿಯ ಬೂಸ್ಟರ್‌ಗಳನ್ನು ಬಿಡದೆ ಸೇರಿಸಿ. ಅವು ಕಣ್ಣಿಗೆ ಕಾಣದ ಹಾಗೆ ಕೈ ಕಚ್ಚುತ್ತವೆ.

3. ನಿಮ್ಮ ಕಟ್ಟಡಕ್ಕೆ ಯಾವ ತಂತಿ ಬರುತ್ತದೆ ನೋಡಿ

ಇಡೀ ಲೇಖನದಲ್ಲಿ ಒಂದೇ ಭಾಗ ಓದುವಷ್ಟು ಪುರುಸೊತ್ತಿದ್ದರೆ ಇದನ್ನು ಓದಿ. ಜನ ಕಂಪನಿ ಹೆಸರು ನೋಡಿ ತೀರ್ಮಾನ ಮಾಡುತ್ತಾರೆ. ಬಿಎಸ್‌ಎನ್‌ಎಲ್, ಏರ್‌ಟೆಲ್, ಜಿಯೊ, ಆ್ಯಕ್ಟ್, ಹಾಥ್‌ವೇ, ಜೊತೆಗೆ ಏರಿಯಾದ ಕೇಬಲ್ ಟಿವಿಯವರು, ಎಲ್ಲರೂ ಬೆಂಗಳೂರಿನಲ್ಲಿದ್ದಾರೆ. ಆದರೆ ರಾಜಾಜಿನಗರದಲ್ಲಿ ಚೆನ್ನಾಗಿರುವ ಅದೇ ಕಂಪನಿ ಉತ್ತರಹಳ್ಳಿಯ ನಿಮ್ಮ ಕ್ರಾಸಿನಲ್ಲಿ ಚೆನ್ನಾಗಿರಬೇಕು ಅಂತೇನಿಲ್ಲ. ನಿಮಗೆ ನೆಟ್ ಕೊಡುವುದು ಬೀದಿಯ ಕೊನೆಯ ಐವತ್ತು ಮೀಟರ್ ಕೇಬಲ್ಲು ಮತ್ತು ಅದು ಕಿತ್ತುಹೋದಾಗ ಏಣಿ ತರುವ ಕೇಬಲ್ ಹುಡುಗ. ನಾನು ಇಂದಿಗೂ ಕಂಪನಿ ಆರಿಸುವ ಮುಂಚೆ ಆ ಹುಡುಗ ಎಲ್ಲಿದ್ದಾನೆ ಅಂತ ಕೇಳುತ್ತೇನೆ.

ಮನೆಗೆ ನೆಟ್ ಬರುವ ದಾರಿ ಮುಖ್ಯವಾಗಿ ಮೂರು.

ಮನೆಯೊಳಗಿನ ತನಕ ಫೈಬರ್. ಅಂದರೆ ಕೂದಲೆಳೆಯಂಥ ಗಾಜಿನ ತಂತಿ ನಿಮ್ಮ ಗೋಡೆ ದಾಟಿ ಓಎನ್‌ಟಿಗೇ ಬರುತ್ತದೆ. ಸಿಕ್ಕರೆ ಇದೇ ಇರಲಿ. ಗಾಜಿನಲ್ಲಿ ವಿದ್ಯುತ್ ಹರಿಯುವುದಿಲ್ಲ, ಹಾಗಾಗಿ ಸಿಡಿಲಿನ ಹೊಡೆತ ಆ ಎಳೆಯ ಮೂಲಕ ಒಳಗೆ ಬರುವುದಿಲ್ಲ. ಡೌನ್‌ಲೋಡ್‌ಗೂ ಅಪ್‌ಲೋಡ್‌ಗೂ ಸಾಮಾನ್ಯವಾಗಿ ಒಂದೇ ವೇಗ ಸಿಗುತ್ತದೆ. ಮೀಟಿಂಗ್‌ನಲ್ಲಿ ನಿಮ್ಮ ಮುಖ, ದನಿ ಆ ಕಡೆಗೆ ಹೋಗುವುದು ಅಪ್‌ಲೋಡ್‌ನಲ್ಲಿ, ನೆನಪಿರಲಿ.

ಕಟ್ಟಡದ ತನಕ ಫೈಬರ್, ಅಲ್ಲಿಂದ ಲ್ಯಾನ್ ಕೇಬಲ್. ಹಳೆಯ ಏರಿಯಾಗಳಲ್ಲಿ ಇದು ಇನ್ನೂ ಇದೆ. ಟೆರೇಸ್ ಮೇಲೆ, ನೀರಿನ ಟ್ಯಾಂಕ್ ಪಕ್ಕ, ಒಂದು ತಗಡಿನ ಡಬ್ಬ ನೋಡಿರುತ್ತೀರಿ. ಅದರೊಳಗೆ ಸ್ವಿಚ್ ಅನ್ನುವ ಯಂತ್ರ, ಅದರಿಂದ ನಾಲ್ಕೈದು ಮನೆಗೆ ನೀಲಿ ಅಥವಾ ಬೂದು ಬಣ್ಣದ ತಾಮ್ರದ ಕೇಬಲ್. ಇದನ್ನೂ ಫೈಬರ್ ಅಂತಲೇ ಮಾರುತ್ತಾರೆ. ತೊಂದರೆ ಎರಡು. ಮೇಲಿನ ಡಬ್ಬಕ್ಕೆ ಕರೆಂಟ್ ಕೊಡುವ ಮನೆಯಲ್ಲಿ ಕರೆಂಟ್ ಹೋದರೆ, ನಿಮ್ಮಲ್ಲಿ ಯುಪಿಎಸ್ ಇದ್ದರೂ ನೆಟ್ ಇಲ್ಲ. ಇನ್ನೊಂದು ಸಿಡಿಲು. ಏಪ್ರಿಲ್-ಮೇ ಸಂಜೆಯ ಗುಡುಗು ಮಳೆಯಲ್ಲಿ ಆ ತಾಮ್ರದ ತಂತಿಯಲ್ಲೇ ಹೊಡೆತ ಇಳಿದು ರೌಟರ್ ಸುಡುತ್ತದೆ. ನನ್ನದೇ ಒಂದು ರೌಟರ್ ಹಾಗೆ ಹೋಗಿದೆ, ಪ್ಲಗ್ ಕಿತ್ತಿಟ್ಟಿದ್ದೆ, ಲ್ಯಾನ್ ಕೇಬಲ್ ಕೀಳುವುದು ಮರೆತಿದ್ದೆ. ಇಂಥ ಲೈನ್ ಇದ್ದರೆ ಗುಡುಗು ಶುರುವಾದ ಕೂಡಲೇ ಎರಡನ್ನೂ ಕೀಳಿ.

ಏರ್‌ಫೈಬರ್. ಹೆಸರಿನಲ್ಲಿ ಫೈಬರ್ ಇದ್ದರೂ ಮನೆ ತನಕ ತಂತಿ ಇಲ್ಲ. ಟೆರೇಸ್ ಅಥವಾ ಕಿಟಕಿ ಹೊರಗೆ ಒಂದು ಆಂಟೆನಾ ಕೂರಿಸಿ ಟವರಿನ 5ಜಿ ಸಿಗ್ನಲ್ ಹಿಡಿದು ಒಳಗೆ ವೈಫೈ ಮಾಡುತ್ತಾರೆ. 2023ರ ಸೆಪ್ಟೆಂಬರ್‌ನಲ್ಲಿ ಜಿಯೊ ಇದನ್ನು ಬೆಂಗಳೂರೂ ಸೇರಿದಂತೆ ಎಂಟು ನಗರಗಳಲ್ಲಿ ಶುರು ಮಾಡಿತು, ಏರ್‌ಟೆಲ್‌ನದೂ ಇದೆ. ಕೇಬಲ್ ಇನ್ನೂ ಬರದ ಹೊಸ ಲೇಔಟುಗಳಲ್ಲಿ, ರಸ್ತೆ ಅಗೆದು ಅಗೆದು ಫೈಬರ್ ಪದೇ ಪದೇ ತುಂಡಾಗುವ ಕಡೆ ಇದು ಒಳ್ಳೆಯದು. ಆದರೆ ಅಪ್‌ಲೋಡ್ ಕಡಿಮೆ, ತಿಂಗಳ ಮಿತಿ ಫೈಬರ್‌ಗಿಂತ ಕಮ್ಮಿ, ಮತ್ತು ಸಂಜೆ ಏರಿಯಾದವರೆಲ್ಲ ನೆಟ್ಟಿಗೆ ಬಂದಾಗ ವೇಗ ಕುಸಿಯಬಹುದು. ಫೈಬರ್ ಸಿಗದಿದ್ದಾಗ ಮಾತ್ರ ಇದನ್ನು ತೆಗೆದುಕೊಳ್ಳಿ ಅನ್ನುತ್ತೇನೆ.

ಯಾವುದು ಸಿಗುತ್ತದೆ ಅಂತ ತಿಳಿಯಲು ಕಂಪನಿಯ ವೆಬ್‌ಸೈಟಿನಲ್ಲಿ ಪಿನ್‌ಕೋಡ್ ಹಾಕಿ ನೋಡುವುದು ಸಾಲದು. ಅದು ಇಡೀ ಬಡಾವಣೆಗೆ "ಲಭ್ಯ" ಅನ್ನುತ್ತದೆ, ನಿಮ್ಮ ಕಟ್ಟಡಕ್ಕೆ ಬರುವಾಗ "ಪೋರ್ಟ್ ಖಾಲಿ ಇಲ್ಲ ಸಾರ್" ಅನ್ನುತ್ತಾರೆ, ಅಂದರೆ ಹೊಸ ಲೈನ್ ಸಿಕ್ಕಿಸಲು ಅವರ ಡಬ್ಬದಲ್ಲಿ ಜಾಗ ಇಲ್ಲ. ಅದರ ಬದಲು ಮೇಲಿನ ಮನೆಯವರನ್ನೋ ಎದುರು ಮನೆಯವರನ್ನೋ ಕೇಳಿ. ಯಾವುದು ಹಾಕಿಸಿದ್ದೀರಿ, ಕೆಟ್ಟಾಗ ಎಷ್ಟು ಹೊತ್ತಿಗೆ ಬರುತ್ತಾರೆ, ರಾತ್ರಿ ಒಂಬತ್ತಕ್ಕೆ ಹೇಗಿರುತ್ತದೆ. "ಹೇಗಿದೆ?" ಅಂತ ಸುಮ್ನೆ ಕೇಳಿದರೆ "ಪರವಾಗಿಲ್ಲ" ಅನ್ನುವ ಉತ್ತರ ಬರುತ್ತದೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ಕೊನೆಯ ಸಲ ನೆಟ್ ಹೋದದ್ದು ಯಾವಾಗ, ಎಷ್ಟು ದಿನಕ್ಕೆ ಸರಿಹೋಯಿತು ಅಂತ ಕೇಳಿ.

4. ಓನರ್ ಮತ್ತು ಅಸೋಸಿಯೇಷನ್

ಬಾಡಿಗೆ ಮನೆಯಾದರೆ ಡ್ರಿಲ್ ಹೊಡೆಸುವ ಮುಂಚೆ ಓನರಿಗೆ ಒಂದು ಮೆಸೇಜ್ ಹಾಕಿ, ಬಾಯಿಮಾತು ಸಾಲದು. "ಅಂಕಲ್, ನೆಟ್ ಕೇಬಲ್‌ಗೆ ಹಾಲ್ ಕಿಟಕಿ ಪಕ್ಕ ಒಂದು ಚಿಕ್ಕ ತೂತು ಹಾಕಿಸಬಹುದಾ?" ಅಂತ ಬರೆದು, ಅವರು ಆಯ್ತು ಅಂದದ್ದನ್ನು ಉಳಿಸಿಕೊಳ್ಳಿ. ಮನೆ ಬಿಡುವಾಗ ಅಡ್ವಾನ್ಸ್‌ನಲ್ಲಿ ಆ ತೂತಿಗೆ ಎಷ್ಟು ಮುರಿದುಕೊಳ್ಳುತ್ತಾರೆ ಅನ್ನುವ ಮಾತು ಬರದಿರಲಿ. ಅಪಾರ್ಟ್‌ಮೆಂಟ್ ಆದರೆ ಅಸೋಸಿಯೇಷನ್ ಆಫೀಸಿನಲ್ಲಿ ಯಾರ್ಯಾರಿಗೆ ಒಳಗೆ ಕೇಬಲ್ ಎಳೆಯಲು ಬಿಟ್ಟಿದ್ದಾರೆ ಅಂತ ಮೊದಲೇ ವಿಚಾರಿಸಿ. ಎಷ್ಟೋ ಕಡೆ ಇಬ್ಬರು ಮೂವರಿಗೆ ಮಾತ್ರ ಅನುಮತಿ, ನೀವು ದುಡ್ಡು ಕಟ್ಟಿದ ಮೇಲೆ ಸೆಕ್ಯುರಿಟಿ ಗೇಟಿನಲ್ಲೇ ಹುಡುಗನನ್ನು ನಿಲ್ಲಿಸುತ್ತಾನೆ.

ಮನೆಯಲ್ಲಿ ಹಳೆಯ 080 ಲ್ಯಾಂಡ್‌ಲೈನ್ ಇದ್ದು, ಆ ನಂಬರ್ ಉಳಿಯಬೇಕು ಅನ್ನುವ ಹಿರಿಯರಿದ್ದರೆ, ತಾಮ್ರದ ಲೈನಿಂದ ಫೈಬರಿಗೆ ಬದಲಾಯಿಸುವಾಗ ಅದೇ ನಂಬರ್ ಸಿಗುತ್ತದಾ ಅಂತ ಅರ್ಜಿ ಕೊಡುವ ಮುಂಚೆ ಕೇಳಿ. ಹಳೇ ಲೈನ್ ಮೊದಲು ಕ್ಯಾನ್ಸಲ್ ಮಾಡಿ ಆಮೇಲೆ ಕೇಳಿದರೆ ನಂಬರ್ ಹೋದ ಹಾಗೆ.

5. ಪ್ಲ್ಯಾನ್: ಕಡಿಮೆಯದರಿಂದ ಶುರು ಮಾಡಿ

ಫುಲ್ ಎಚ್‌ಡಿ ಸಿನಿಮಾಗೆ 5 ಎಂಬಿಪಿಎಸ್ ಸಾಕು, 4ಕೆಗೆ 15. ವಿಡಿಯೊ ಮೀಟಿಂಗ್‌ಗೆ ಆಚೆ ಈಚೆ ಮೂರು ನಾಲ್ಕು. ಈಗ ನಾಲ್ಕು ಜನರ ಮನೆ ನೋಡಿ: ಅತ್ತೆ ಹಾಲಿನಲ್ಲಿ ಸೀರಿಯಲ್, ಮಗ ರೂಮಿನಲ್ಲಿ ಕ್ರಿಕೆಟ್, ನೀವು ಮೀಟಿಂಗ್, ಮಗಳು ಕ್ಲಾಸು. ಎಲ್ಲ ಒಟ್ಟಿಗೇ ನಡೆದರೂ ಇಪ್ಪತ್ತು ದಾಟುವುದಿಲ್ಲ. 40-50 ಎಂಬಿಪಿಎಸ್‌ನಲ್ಲಿ ಆರಾಮಾಗಿ ಆಗುತ್ತದೆ, 100 ಅಂದರೆ ಧಾರಾಳ. 300 ಎಂಬಿಪಿಎಸ್ ಮಾರಲು ಬಂದವರಿಗೆ ನಮಸ್ಕಾರ ಹೇಳಿ ಕಳಿಸಿ. ದಿನಾ ದೊಡ್ಡ ದೊಡ್ಡ ವಿಡಿಯೊ ಫೈಲ್ ಕಳಿಸುವ ಕೆಲಸ ನಿಮ್ಮದಾದರೆ ಮಾತ್ರ ಅದು ಬೇಕು. ಮೇಲಿನ ಪ್ಲ್ಯಾನ್‌ಗೆ ಹೋಗುವುದು ಯಾವಾಗ ಬೇಕಾದರೂ ಸುಲಭ. ಕೆಳಗಿಳಿಯಲು ಕೇಳಿದರೆ ನೂರೆಂಟು ನೆಪ.

ಜನ ಬೀಳುವ ಗುಂಡಿಗಳು ಇಲ್ಲೇ ಜಾಸ್ತಿ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

"ಇನ್‌ಸ್ಟಾಲೇಷನ್ ಫ್ರೀ" ಅನ್ನುವುದು ಸಾಮಾನ್ಯವಾಗಿ ಆರು ತಿಂಗಳೋ ವರ್ಷವೋ ಒಟ್ಟಿಗೆ ಕಟ್ಟಿದರೆ. ಮೊದಲ ಸಲ ಯಾವ ಕಾರಣಕ್ಕೂ ವರ್ಷದ್ದು ಕಟ್ಟಬೇಡಿ. ಐನೂರೋ ಸಾವಿರವೋ ಇನ್‌ಸ್ಟಾಲೇಷನ್‌ಗೆ ಹೋದರೂ ಪರವಾಗಿಲ್ಲ, ಒಂದು ತಿಂಗಳ ಪ್ಲ್ಯಾನ್ ತೆಗೆದುಕೊಂಡು ನೋಡಿ. ಲೈನ್ ಚೆನ್ನಾಗಿಲ್ಲ ಅಂತ ಎರಡನೇ ವಾರಕ್ಕೇ ಗೊತ್ತಾದರೆ ಉಳಿದ ಹನ್ನೊಂದು ತಿಂಗಳ ದುಡ್ಡು ವಾಪಸ್ ಕೇಳುವುದು ಯಾರಿಗೆ ಬೇಕು? ಬಾಡಿಗೆ ಮನೆಯವರಿಗಂತೂ 11 ತಿಂಗಳ ಅಗ್ರಿಮೆಂಟ್, ಹೊಸ ಮನೆಯ ಬೀದಿಯಲ್ಲಿ ಆ ಕಂಪನಿಯೇ ಇಲ್ಲದಿರಬಹುದು.

"ಓಟಿಟಿ ಫ್ರೀ" (ಅಂದರೆ ನೆಟ್ಟಿನಲ್ಲಿ ಸಿನಿಮಾ, ಸೀರಿಯಲ್ ತೋರಿಸುವ ಆ್ಯಪ್‌ಗಳು ಫ್ರೀ) ಅನ್ನುವ ಪ್ಲ್ಯಾನಿನ ಪಕ್ಕದಲ್ಲೇ ಓಟಿಟಿ ಇಲ್ಲದ ಪ್ಲ್ಯಾನ್ ಇರುತ್ತದೆ, ಎರಡರ ವ್ಯತ್ಯಾಸ ನೋಡಿ. ನೀವು ನೋಡುವ ಆ್ಯಪ್ ಅದರಲ್ಲಿ ಇಲ್ಲದಿದ್ದರೆ ಫ್ರೀ ಇದ್ದೂ ಏನು ಬಂತು?

ಎಫ್‌ಯುಪಿ ಎಷ್ಟು ಅಂತ ಬರಹದಲ್ಲಿ ನೋಡಿ. ಫೈಬರ್ ಪ್ಲ್ಯಾನ್‌ಗಳಲ್ಲಿ ತಿಂಗಳಿಗೆ 3,300 ಜಿಬಿ ಅನ್ನುವುದು ಸಾಮಾನ್ಯ. ಮೊದಲನೇ ಹಂತದಲ್ಲಿ ಬರೆದಿಟ್ಟ ಲೆಕ್ಕಕ್ಕೆ ಹೋಲಿಸಿದರೆ ಅದು ಸಮುದ್ರ. ಆದರೆ ಕೆಲವು ಚಿಕ್ಕ ಆಪರೇಟರ್‌ಗಳ ಅಗ್ಗದ ಪ್ಲ್ಯಾನ್‌ನಲ್ಲಿ ಮಿತಿ ತುಂಬಾ ಕೆಳಗಿರುತ್ತದೆ.

ಇನ್ನು ರೌಟರ್. ಸ್ವಂತದ್ದಾ, ಕಂಪನಿಯದ್ದಾ, ಡೆಪಾಸಿಟ್ ಎಷ್ಟು, ವಾಪಸ್ ಬರುತ್ತದಾ? ಹಾಗೇ ಅದು 5 ಗಿಗಾಹರ್ಟ್ಸ್ ವೈಫೈ ಕೊಡುತ್ತದಾ ಅಂತಲೂ ಕೇಳಿ. ವೈಫೈ ಎರಡು ಅಲೆಯಲ್ಲಿ ಬರುತ್ತದೆ: 2.4 ದೂರ ಹೋಗುತ್ತದೆ, ವೇಗ ಕಮ್ಮಿ, ಅಕ್ಕಪಕ್ಕದ ಮನೆಯವರ ವೈಫೈ ಜೊತೆ ನೂಕುನುಗ್ಗಲು ಬೇರೆ. 5ರದ್ದು ವೇಗ ಜಾಸ್ತಿ, ಗೋಡೆ ದಾಟುವಾಗ ಸೋಲುತ್ತದೆ. 2.4 ಮಾತ್ರ ಇರುವ ಹಳೇ ರೌಟರ್ ತಲೆಗೆ ಕಟ್ಟಿದರೆ ನೂರರ ಪ್ಲ್ಯಾನಿನಲ್ಲಿ ಮೂವತ್ತು ನಲವತ್ತು ಬಂದರೆ ಪುಣ್ಯ.

6. ದುಡ್ಡು, ಕಾಗದ

ಇದು ಬೇಗ ಮುಗಿಯುತ್ತದೆ. ಆಧಾರ್ ಅಥವಾ ಬೇರೆ ಗುರುತಿನ ಚೀಟಿ, ಬಾಡಿಗೆಯಾದರೆ ಅಗ್ರಿಮೆಂಟ್, ಒಂದು ಫೋಟೊ. ಜೆರಾಕ್ಸ್ ಮೇಲೆ "ಬ್ರಾಡ್‌ಬ್ಯಾಂಡ್ ಸಂಪರ್ಕಕ್ಕೆ ಮಾತ್ರ" ಅಂತ ಬರೆದು ತಾರೀಖು ಹಾಕಿ. ಅಪಾರ್ಟ್‌ಮೆಂಟ್ ಕೆಳಗೆ ಬಣ್ಣದ ಛತ್ರಿ ಹಾಕಿಕೊಂಡು ನಿಂತ ಹುಡುಗ ಎಷ್ಟೇ ಒಳ್ಳೆಯವನಾದರೂ ಅವನ ಸ್ವಂತ ಯುಪಿಐ ನಂಬರಿಗೆ ದುಡ್ಡು ಹಾಕಬೇಡಿ. ಕಂಪನಿಯ ಆ್ಯಪ್ ಅಥವಾ ಲಿಂಕ್‌ನಲ್ಲೇ ಕಟ್ಟಿ, ರಸೀದಿ ಮೇಲ್‌ಗೆ ಬಂದದ್ದು ನೋಡಿಕೊಳ್ಳಿ. ಅವನು ಮುಂದಿನ ತಿಂಗಳು ಬೇರೆ ಕಂಪನಿಯ ಛತ್ರಿ ಕೆಳಗೆ ಇರುತ್ತಾನೆ.

7. ಹಾಕುವ ದಿನ ನೀವು ಮನೆಯಲ್ಲಿರಿ

ಕೇಬಲ್ ಹುಡುಗ ಬರುವ ಮುಂಚೆಯೇ ರೌಟರ್ ಎಲ್ಲಿ ಅಂತ ನೀವು ತೀರ್ಮಾನ ಮಾಡಿರಬೇಕು. ಬಿಟ್ಟರೆ ಅವನು ಬಾಗಿಲ ಪಕ್ಕದ ಮೊದಲ ಪ್ಲಗ್ ಪಾಯಿಂಟಿಗೇ ಹಾಕಿ ಹೋಗುತ್ತಾನೆ, ಅವನಿಗೆ ಅದು ಹತ್ತು ನಿಮಿಷದ ಕೆಲಸ. ಮನೆಯ ಮಧ್ಯ, ಎದೆ ಎತ್ತರಕ್ಕಿಂತ ಮೇಲೆ, ತೆರೆದ ಜಾಗ. ಟಿವಿ ಹಿಂದೆ ಬೇಡ, ಗಾಜಿನ ಶೋಕೇಸ್ ಒಳಗೆ ಬೇಡ, ಸ್ಟೀಲ್ ಬೀರು ಪಕ್ಕ ಬೇಡವೇ ಬೇಡ. ಚೆನ್ನಾಗಿ ಕಾಣುವುದಿಲ್ಲ ಅಂತ ಸಜ್ಜಾ ಮೇಲೆ ಪಾತ್ರೆಗಳ ಹಿಂದೆ ಬಚ್ಚಿಟ್ಟು, ಆಮೇಲೆ ನೆಟ್ ಬರುತ್ತಿಲ್ಲ ಅಂದವರನ್ನು ನೋಡಿದ್ದೇನೆ.

ತೂತು ಕೊರೆಯುವಾಗ ಡ್ರಿಲ್ ಹೊರಗಡೆಗೆ ಸ್ವಲ್ಪ ಇಳಿಜಾರಾಗಿ ಹೋಗಲಿ. ನೇರವಾಗಿ ಅಥವಾ ಒಳಗಡೆಗೆ ಇಳಿಜಾರಾಗಿ ಕೊರೆದರೆ ಮಳೆ ನೀರು ಅದರಲ್ಲೇ ಒಳಗೆ ಬಂದು ಪೇಂಟ್ ಉಬ್ಬುತ್ತದೆ. ಹೊರಗೆ ಕೇಬಲ್ ತೂತಿಗಿಂತ ಸ್ವಲ್ಪ ಕೆಳಗೆ ಇಳಿದು ಮತ್ತೆ ಮೇಲೆ ಬರುವ ಹಾಗೆ ಒಂದು ಬಳುಕು ಕೊಡಿಸಿ, ನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಕೊನೆಗೆ ಎಂ-ಸೀಲ್ ಅಥವಾ ಬಿಳಿ ಸಿಮೆಂಟ್ ತುಂಬಿಸಿ. ಇದನ್ನು ಅವನಾಗಿ ಮಾಡುವುದಿಲ್ಲ, ಕೇಳಬೇಕು.

ಮಿಕ್ಕ ಫೈಬರನ್ನು ಸುತ್ತಿಡುವಾಗ ಒಂದು ಅಳತೆ ನೆನಪಿಡಿ: ಕೈಬಳೆಗಿಂತ ಚಿಕ್ಕ ಸುರುಳಿ ಬೇಡ. ಅದಕ್ಕಿಂತ ಬಿಗಿಯಾಗಿ ಬಗ್ಗಿಸಿದರೆ ಬೆಳಕು ತಿರುವಿನಲ್ಲೇ ಸೋರಿಹೋಗುತ್ತದೆ, ಗಾಜು ಮುರಿಯಲೂಬಹುದು. ಮೊಳೆಗೆ ಸುತ್ತುವುದು, ಬಾಗಿಲ ಸಂದಿಯಲ್ಲಿ ತೂರಿಸುವುದು ಎರಡನ್ನೂ ಮಾಡಲು ಬಿಡಬೇಡಿ. ಬಿಚ್ಚಿದ ಫೈಬರ್ ತುದಿಯಲ್ಲಿ ಕಣ್ಣಿಟ್ಟು ನೋಡಲೇಬೇಡಿ. ಅದರಲ್ಲಿ ಬರುವ ಲೇಸರ್ ಕಣ್ಣಿಗೆ ಕಾಣುವುದಿಲ್ಲ, ಕಣ್ಣಿಗೆ ಪೆಟ್ಟು ಕೊಡಬಲ್ಲದು. ಕತ್ತರಿಸಿ ಬಿದ್ದ ಗಾಜಿನ ಚೂರು ಸೂಜಿಗಿಂತ ಸಣ್ಣ, ಮಕ್ಕಳು ಓಡಾಡುವ ಮುಂಚೆ ಆ ಜಾಗಕ್ಕೆ ಟೇಪ್ ಒತ್ತಿ ಎತ್ತಿ ತೆಗೆಯಿರಿ, ಪೊರಕೆಗೆ ಸಿಗುವುದಿಲ್ಲ.

ಅವನು ಹೊರಡುವ ಮುಂಚೆ ಅವನೆದುರೇ ಮಾಡಬೇಕಾದದ್ದು: ಡಬ್ಬದ ಸೀರಿಯಲ್ ನಂಬರಿನ ಫೋಟೊ ತೆಗೆಯಿರಿ, ವೈಫೈ ಪಾಸ್‌ವರ್ಡ್ ನೀವೇ ಹಾಕಿ, ರೌಟರ್ ಒಳಗೆ ಹೋಗುವ ಅಡ್ಮಿನ್ ಪಾಸ್‌ವರ್ಡ್ ಕೂಡ ಬದಲಾಯಿಸಿಕೊಡಲು ಹೇಳಿ. ಅವನ ಮೊಬೈಲ್ ನಂಬರ್ ಇಸ್ಕೊಳ್ಳಿ, ಕಾಲ್ ಸೆಂಟರ್‌ಗಿಂತ ಅದೇ ಉಪಯೋಗಕ್ಕೆ ಬರುವುದು.

8. ಮೊದಲ ವಾರದ ಪರೀಕ್ಷೆ

ವೇಗ ನೋಡಲು ಸ್ಪೀಡ್‌ಟೆಸ್ಟ್ ಆ್ಯಪ್ ಇದೆ, ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಟ್ರಾಯ್‌ನ ಮೈಸ್ಪೀಡ್ ಇದೆ. ಬೆಳಿಗ್ಗೆ ಏಳಕ್ಕೆ ನೋಡಿ ಖುಷಿಪಡಬೇಡಿ. ಆಗ ಎಲ್ಲರದ್ದೂ ಚೆನ್ನಾಗಿರುತ್ತದೆ. ರಾತ್ರಿ ಎಂಟೂವರೆಯಿಂದ ಹತ್ತರ ಮಧ್ಯೆ ನೋಡಿ, ಭಾನುವಾರವೂ ನೋಡಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ವೇಗ ಕಮ್ಮಿ ಕಂಡರೆ ತಕ್ಷಣ ದೂರು ಕೊಡುವ ಬದಲು ಲ್ಯಾಪ್‌ಟಾಪಿಗೆ ಲ್ಯಾನ್ ಕೇಬಲ್ ಹಾಕಿ ಇನ್ನೊಮ್ಮೆ ಅಳೆಯಿರಿ. ತಂತಿಯಲ್ಲಿ ಪೂರ್ತಿ ಬಂದು ವೈಫೈನಲ್ಲಿ ಬರದಿದ್ದರೆ ತೊಂದರೆ ನಿಮ್ಮ ಗೋಡೆಗಳದ್ದು. ರೌಟರ್ ಜಾಗ ಬದಲಾಯಿಸಿ, ಅಥವಾ ಒಳಗಿನ ರೂಮಿಗೆ ಎರಡನೇ ರೌಟರ್ ಹಾಕಿಸಿ.

9. ಕರೆಂಟ್ ಹೋದಾಗ, ಮಳೆ ಬಂದಾಗ

ಓಎನ್‌ಟಿ, ರೌಟರ್ ಎರಡೂ ಸಾಮಾನ್ಯವಾಗಿ 12 ವೋಲ್ಟ್‌ನಲ್ಲಿ ನಡೆಯುತ್ತವೆ. ಅದಕ್ಕೆಂದೇ ಚಿಕ್ಕ ಯುಪಿಎಸ್ ಬರುತ್ತದೆ, ಅಂಗೈಗಿಂತ ಸ್ವಲ್ಪ ದೊಡ್ಡದು, ಎಸ್.ಪಿ. ರೋಡಿನ ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಬೇಕಾದರೂ ಸಿಗುತ್ತದೆ. ಹೋಗುವ ಮುಂಚೆ ನಿಮ್ಮ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್ ಮತ್ತು ಆಂಪಿಯರ್ ಫೋಟೊ ತೆಗೆದುಕೊಂಡು ಹೋಗಿ. ಡಬ್ಬ ಎರಡಿದ್ದರೆ ಎರಡಕ್ಕೂ ಸಾಲುವಂಥದ್ದೇ ಬೇಕು. ಮನೆಗೆ ದೊಡ್ಡ ಯುಪಿಎಸ್ ಇರುವವರು ರೌಟರ್ ಹಾಕಿದ ಪ್ಲಗ್ ಪಾಯಿಂಟ್ ಆ ಲೈನಿಗೆ ಸೇರಿದೆಯಾ ನೋಡಿಕೊಂಡರೆ ಸಾಕು.

ನೆಟ್ ಹೋದಾಗ ಮೊದಲು ನೋಡಬೇಕಾದದ್ದು ಡಬ್ಬದ ಮೇಲಿನ ಎಲ್‌ಓಎಸ್ ಅನ್ನುವ ದೀಪ. ಅದು ಕೆಂಪಗೆ ಮಿನುಗುತ್ತಿದ್ದರೆ ಬೆಳಕು ನಿಮ್ಮ ಮನೆಗೆ ತಲುಪುತ್ತಿಲ್ಲ ಅಂತ ಅರ್ಥ. ಎಲ್ಲೋ ಕೇಬಲ್ ತುಂಡಾಗಿದೆ: ಮರದ ಕೊಂಬೆ ಬಿದ್ದಿರಬಹುದು, ಕಂಬದ ಮೇಲಿನ ಜೋತುಬಿದ್ದ ಕೇಬಲ್ ತೆರವು ಮಾಡಿರಬಹುದು, ರಸ್ತೆ ಅಗೆದಿರಬಹುದು, ಇಲಿ ಕಡಿದಿರಬಹುದು. ರೌಟರ್ ಆಫ್ ಮಾಡಿ ಆನ್ ಮಾಡಿ ಅಂತ ಕಾಲ್ ಸೆಂಟರಿನವರು ಎಷ್ಟು ಸಲ ಹೇಳಿದರೂ ಅದು ಸರಿಹೋಗುವುದಿಲ್ಲ. "ಎಲ್‌ಓಎಸ್ ಕೆಂಪು ಬರ್ತಿದೆ" ಅಂತ ಮೊದಲ ಮಾತಿಗೇ ಹೇಳಿ, ಅರ್ಧ ಗಂಟೆ ಉಳಿಯುತ್ತದೆ.

10. ದೂರು

ಕಾಲ್ ಸೆಂಟರಿಗೆ ಫೋನ್ ಮಾಡಿದಾಗ ಡಾಕೆಟ್ ನಂಬರ್, ಅಂದರೆ ದೂರಿನ ಸಂಖ್ಯೆ, ಇಸ್ಕೊಳ್ಳದೆ ಫೋನ್ ಇಡಬೇಡಿ. ಅದು ಇಲ್ಲದಿದ್ದರೆ ನೀವು ದೂರೇ ಕೊಟ್ಟಿಲ್ಲ ಅಂತಾಗುತ್ತದೆ. ಸರಿಯಾಗದಿದ್ದರೆ ಪ್ರತಿ ಕಂಪನಿಯಲ್ಲೂ ಮೇಲ್ಮನವಿ ಕೇಳುವ ಅಧಿಕಾರಿ ಇರಲೇಬೇಕು, ಅದಕ್ಕೆ ಶುಲ್ಕ ಇಲ್ಲ. ಅಲ್ಲೂ ಆಗದಿದ್ದರೆ ದೂರಸಂಪರ್ಕ ಇಲಾಖೆಯ ಕುಂದುಕೊರತೆ ಪೋರ್ಟಲ್, ಇಲ್ಲವೇ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಟ್ರಾಯ್‌ಗೆ ಬರೆಯಬೇಡಿ, ಒಬ್ಬೊಬ್ಬರ ದೂರು ಅವರು ನೋಡುವುದಿಲ್ಲ.

ಸಂಪರ್ಕ ಬಿಡುವಾಗ ಡಬ್ಬ ವಾಪಸ್ ಕೊಟ್ಟದ್ದಕ್ಕೆ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಒಂದು ಕಂಪನಿಯವರು ನನ್ನ ಮನೆಯಿಂದ ಡಬ್ಬ ತೆಗೆದುಕೊಂಡು ಹೋಗಿ ಎರಡು ತಿಂಗಳಾದ ಮೇಲೆ "ಇನ್ನೂ ಕೊಟ್ಟಿಲ್ಲ, ದುಡ್ಡು ಕಟ್ಟಿ" ಅಂದರು. ತೆಗೆದುಕೊಂಡು ಹೋಗುವ ಹುಡುಗನ ಕೈಯಲ್ಲಿ ಡಬ್ಬ ಇರುವ ಫೋಟೊ, ಸೀರಿಯಲ್ ನಂಬರ್ ಕಾಣುವ ಹಾಗೆ, ನನ್ನ ಹತ್ತಿರ ಇತ್ತು. ಅಲ್ಲಿಗೆ ಮುಗಿಯಿತು.

11. ಮೊಬೈಲ್ ಪ್ಯಾಕ್ ಇಳಿಸಿ, ಆದರೆ ಅವಸರ ಬೇಡ

ಎರಡನೇ ಹಂತದಲ್ಲಿ ಉಳಿಸಿದ ದುಡ್ಡು ಇಲ್ಲಿ ನಿಜವಾಗಬೇಕು. ಎಷ್ಟೋ ಜನ ಬ್ರಾಡ್‌ಬ್ಯಾಂಡ್ ಹಾಕಿಸಿಕೊಂಡು ವರ್ಷಗಟ್ಟಲೆ ಹಳೇ ದೊಡ್ಡ ಪ್ಯಾಕನ್ನೇ ಕಟ್ಟುತ್ತಿರುತ್ತಾರೆ, ಆಟೊ-ಪೇ ಇರುವುದರಿಂದ ಗಮನಕ್ಕೂ ಬರುವುದಿಲ್ಲ. ಮೊದಲ ತಿಂಗಳು ಹಾಗೇ ಇರಲಿ, ಲೈನ್ ಹೇಗಿದೆ ಗೊತ್ತಾಗಲಿ. ಆಮೇಲೆ ಒಬ್ಬೊಬ್ಬರದ್ದಾಗಿ ಇಳಿಸಿ. ಮನೆಯಲ್ಲೇ ಇರುವ ಅಜ್ಜ ಅಜ್ಜಿಯರಿಗೆ ಡೇಟಾ ಪ್ಯಾಕೇ ಬೇಕಿಲ್ಲ. ಟ್ರಾಯ್ ಆದೇಶದ ಮೇಲೆ 2025ರ ಜನವರಿಯಿಂದ ಕರೆ ಮತ್ತು ಎಸ್‌ಎಂಎಸ್‌ಗೆ ಮಾತ್ರ ಇರುವ ಪ್ಯಾಕ್‌ಗಳು ಬಂದಿವೆ, ಬ್ಯಾಂಕ್ ಓಟಿಪಿ ಅದರಲ್ಲೇ ಬರುತ್ತದೆ. ಅವರ ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿಕೊಡಿ. ಸಿಗ್ನಲ್ ಇಲ್ಲದ ಒಳಗಿನ ರೂಮಿನಿಂದಲೂ ಮಾತಾಡಬಹುದು, ಫೋನ್ ಹಿಡಿದುಕೊಂಡು ಬಾಲ್ಕನಿಗೆ ಓಡುವುದು ತಪ್ಪುತ್ತದೆ.

ಮನೆಯಿಂದ ಕೆಲಸ ಮಾಡುವವರು ಮಾತ್ರ ತಮ್ಮ ಫೋನಿನ ಡೇಟಾ ಉಳಿಸಿಕೊಳ್ಳಿ, ಅದೂ ಬ್ರಾಡ್‌ಬ್ಯಾಂಡ್ ಯಾರದ್ದೋ ಅದಕ್ಕಿಂತ ಬೇರೆ ಕಂಪನಿಯ ಸಿಮ್ ಆಗಿರಲಿ. ಎಲ್‌ಓಎಸ್ ಕೆಂಪಾದ ದಿನ ಹಾಟ್‌ಸ್ಪಾಟ್ ಬೇಕಾಗುತ್ತದೆ.